ಬಳ್ಳಾರಿಯಲ್ಲಿ ಕೋಟು ಹೊಲಿಯುವ ಅಪ್ಪನ ಅಂಗಡಿಗೆ ದೊಡ್ಡ ಬ್ರ್ಯಾಂಡಿನ ರೂಪ ಕೊಡೋದು ಹೇಗೆ?

ಕೌಲ್‌ಬಜಾರ್ ಹುಡುಗ:
ನಮ್ಮಪ್ಪ 30 ವರ್ಷದಿಂದ ಕೋಟು, ಸಫಾರಿ ಹೊಲಿಯುತ್ತಿದ್ದಾರೆ. ಅಳತೆ ಪುಸ್ತಕದಲ್ಲಿ ಒಬ್ಬೊಬ್ಬ ಗಿರಾಕಿಗೂ ಒಂದು ಪುಟ. "ಎಡಭುಜ ಅರ್ಧ ಇಂಚು ಇಳಿಕೆ, ಎಡಗೈಗೆ ದಪ್ಪ ವಾಚು, ಆ ತೋಳು ಸ್ವಲ್ಪ ಸಡಿಲ" ಅಂತೆಲ್ಲ ಬರೆದಿರುತ್ತಾರೆ. ಆದ್ರೆ ಬಳ್ಳಾರಿ ಅಂದರೆ ಜೀನ್ಸ್ ಅಂತಲೇ ಎಲ್ಲರ ತಲೆಯಲ್ಲಿದೆ, ಮದುವೆ ಕೋಟು ಬೇಕಾದರೆ ಬೆಂಗಳೂರಿಗೆ ಹೋಗಿ ಜಾಸ್ತಿ ದುಡ್ಡು ಕೊಟ್ಟು ಬರುತ್ತಾರೆ. ಲೋಗೋ ಮಾಡಿಸೋಕೆ ಒಬ್ಬ ಡಿಸೈನರ್ ಹತ್ರ ಹೋದೆ. ಬಂಗಾರದ ಕಿರೀಟ, ಕೆಳಗೆ ಕತ್ತರಿ, ಇಂಗ್ಲಿಷ್ ಹೆಸರು. ಅಪ್ಪ ನೋಡಿ "ಇದರಲ್ಲಿ ನಾನೆಲ್ಲಿದ್ದೀನಪ್ಪಾ?" ಅಂದರು. ಏನು ಮಾಡಲಿ ಹೇಳಿ.

ಹಳೇ ಕಟರ್:
ತಮ್ಮಾ, ಅಪ್ಪನ ಮಾತು ಸರಿ. ಮೊದಲು ಒಂದು ಕೇಳುತ್ತೇನೆ, ಕೋಟಿನ ಎದೆಗೆ ಆಕಾರ ಕೊಡೋಕೆ ಒಳಗೆ ಹಾಕುವ ಗಟ್ಟಿ ಬಟ್ಟೆ ಇದೆಯಲ್ಲ, ಅದು ಅಂಟಿಸುವ ಕ್ಯಾನ್ವಾಸಾ, ಕೈಯಲ್ಲಿ ಹೊಲಿಯುವ ಕ್ಯಾನ್ವಾಸಾ? ಅಂಟಿಸಿದ್ದು ನಾಲ್ಕು ಸಲ ಡ್ರೈಕ್ಲೀನ್ ಆದಮೇಲೆ ಎದೆ ಮೇಲೆ ಗುಳ್ಳೆ ಏಳಬಹುದು, ಆಗ ಎಂಥಾ ಲೋಗೋ ಇದ್ದರೂ ಮರ್ಯಾದೆ ಹೋಯಿತು. ಕೋಟು ಹೊಲಿಗೆಗೆ ಹೆಸರಾದ ಲಂಡನ್ನಿನ ಸ್ಯಾವಿಲ್ ರೋ ಬೀದಿಯ ಟೈಲರ್‌ಗಳ ಸಂಘ ಒಂದು ಸೂಟಿಗೆ ಕಡಿಮೆ ಅಂದರೂ 50 ಗಂಟೆ ಕೈಕೆಲಸ ಇರಬೇಕು ಅನ್ನುತ್ತದೆ. ಅಲ್ಲಿ ಗಿರಾಕಿ ಒಬ್ಬೊಬ್ಬನಿಗೂ ಅವನ ಅಳತೆಯ ಬೇರೆ ಪೇಪರ್ ಪ್ಯಾಟರ್ನ್ ಕತ್ತರಿಸಿ ಎತ್ತಿಡುತ್ತಾರೆ. ನಿಮ್ಮಪ್ಪನ ಪುಸ್ತಕ ಅದೇ ದಾರಿಯದು. ಗಿರಾಕಿ ಬಂದಾಗ ಅವನ ಪುಟ ತೆಗೆದು ಅವನಿಗೇ ತೋರಿಸು, ಮುಖ ನೋಡು ಹೇಗಾಗುತ್ತೆ ಅಂತ.

ಇನ್ನೊಂದು ನಮ್ಮ ಬಿಸಿಲು. ಏಪ್ರಿಲ್‌ನಲ್ಲಿ ಮುಹೂರ್ತ, ಮೈತುಂಬ ಪಾಲಿಯೆಸ್ಟರ್ ಲೈನಿಂಗ್ ಇರೋ ಕೋಟು, ಮದುಮಗ ಬೆವರಲ್ಲಿ ತೊಯ್ದಿರುತ್ತಾನೆ. ಲಿನನ್ ಇಲ್ಲಾ ತೆಳು ಉಲ್ಲನ್ ಬಟ್ಟೆ, ಬೆನ್ನಿಗೆ ಅರ್ಧ ಲೈನಿಂಗ್, ಭುಜಕ್ಕೆ ಪ್ಯಾಡ್ ಬೇಡ. "ಬಳ್ಳಾರಿ ಬಿಸಿಲಿಗೆ ಹೊಲಿದ ಕೋಟು" ಅಂತ ಹೇಳು. ಇದನ್ನ ಬೆಂಗಳೂರಿನವರು ಹೇಳೋಕೆ ಆಗಲ್ಲ, ಅಲ್ವಾ?

ಹೊಸಪೇಟೆ ಪ್ರಿಂಟರ್:
ಕಿರೀಟ, ಕತ್ತರಿ ಎರಡೂ ಬಿಡಿ, ಪ್ರತಿ ಬೀದಿಯಲ್ಲೂ ಇವೆ. ಅಪ್ಪನ ಹೆಸರನ್ನೇ ಕನ್ನಡದಲ್ಲಿ ಚೆನ್ನಾಗಿ ಬರೆಸಿ, ಬಣ್ಣ ಒಂದೇ ಇರಲಿ. ಲೇಬಲ್ ಪ್ರಿಂಟ್ ಹಾಕಿಸಬೇಡಿ, ನೇಯ್ದದ್ದೇ ಮಾಡಿಸಿ. ಒಳಜೇಬಿನಲ್ಲಿ ಇನ್ನೊಂದು ಚಿಕ್ಕ ಲೇಬಲ್, ಅದರಲ್ಲಿ ಗಿರಾಕಿ ಹೆಸರು, ಹೊಲಿದ ತಿಂಗಳು, ಅಪ್ಪನ ಕೈಬರಹದಲ್ಲಿ. ಬೋರ್ಡ್ ಬರೆಸುವ ಮುಂಚೆ ಟ್ರೇಡ್‌ಮಾರ್ಕ್ ವೆಬ್‌ಸೈಟಿನಲ್ಲಿ ಹೆಸರು ಹುಡುಕಿ ನೋಡಿ. ಅರ್ಜಿಯಲ್ಲಿ ಉಡುಪಿಗೆ 25ನೇ ವರ್ಗ, ಹೊಲಿಗೆ ಕೆಲಸಕ್ಕೆ 40ನೇ ವರ್ಗ. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ವರ್ಗಕ್ಕೆ 4,500 ರೂಪಾಯಿ ಶುಲ್ಕ. ನೋಂದಣಿ ಆದರೆ 10 ವರ್ಷ ನಡೆಯುತ್ತೆ, ಆಮೇಲೆ ನವೀಕರಿಸಬೇಕು.

ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಗುರುತು, ಅಂದರೆ ಆ ಊರಿನದೇ ಅಂತ ಹೇಳುವ ಸರ್ಕಾರಿ ನೋಂದಣಿ ಇದೆ. ಕಾಲರ್ ಎತ್ತಿದರೆ ಮಾತ್ರ ಕಾಣುವ ಹಾಗೆ ಅದರದೊಂದು ಸಣ್ಣ ಪಟ್ಟಿ ಹಾಕಿಸಿದರೆ ಎಷ್ಟು ಚೆಂದ! ಮಾಡುವ ಹೆಣ್ಣುಮಕ್ಕಳಿಗೆ ಸರಿಯಾದ ಕೂಲಿ ಕೊಟ್ಟೇ ಮಾಡಿಸಿ, ಚೌಕಾಸಿ ಬೇಡ.

ರಾಯಚೂರು ಗಿರಾಕಿ:
ನಾನು ಹೊಲಿಸುವವನು, ಅದಕ್ಕೆ ಒಂದೇ ಮಾತು. ಹೇಳಿದ ದಿನ ಕೊಡಿ. ನನ್ನ ತಮ್ಮನ ಮದುವೆಗೆ ಒಂದು ಅಂಗಡಿಯವರು ಹಿಂದಿನ ರಾತ್ರಿ 11ಕ್ಕೆ ಕೋಟು ಕೊಟ್ಟರು, ಕಾಜಾ ಇನ್ನೂ ತೆರೆದಿರಲಿಲ್ಲ, ಬ್ಲೇಡ್ ಹಿಡಿದು ನಾನೇ ಕೊಯ್ದೆ. ಎರಡು ಟ್ರಯಲ್ ಕೊಟ್ಟು ಒಂದು ವಾರ ಮುಂಚೆ ಕೈಗೆ ಸಿಕ್ಕರೆ ರಾಯಚೂರಿಂದಲೂ ಬರುತ್ತೇನೆ, ರೇಟ್ ಕೇಳಲ್ಲ.

ಕೌಲ್‌ಬಜಾರ್ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಕ್ಯಾನ್ವಾಸ್ ಕೈಹೊಲಿಗೆಯದೇ ಅಣ್ಣ, ಆದ್ರೆ ಇಷ್ಟು ದಿನ ಯಾರಿಗೂ ಹೇಳಿಯೇ ಇರಲಿಲ್ಲ. ಅಪ್ಪನಿಗೆ ಇದೆಲ್ಲ ಓದಿ ಹೇಳಿದೆ. ಸುಮ್ನೆ ಕೇಳಿಸಿಕೊಂಡು ಒಳಗೆ ಹೋದರು, ಈಗ ಒಂದು ಹಾಳೆ ಮೇಲೆ ತಮ್ಮ ಹೆಸರು ಬರೆದು ಬರೆದು ನೋಡುತ್ತಿದ್ದಾರೆ.