ನಮ್ಮ ಅಪಾರ್ಟ್‌ಮೆಂಟ್ ಡಿಜಿ (ಡೀಸೆಲ್ ಜನರೇಟರ್) ಹೊಗೆ ವಿಚಾರ, ಭಾನುವಾರ 10 ಗಂಟೆಗೆ ಎಲ್ರೂ ಕೆಳಗೆ ಬನ್ನಿ

ಬಿ-203: ನಿನ್ನೆ ರಾತ್ರಿ ಹನ್ನೊಂದರಿಂದ ಎರಡರ ತನಕ ಡಿಜಿ ಓಡ್ತು, ಹೊಗೆಯೆಲ್ಲ ನಮ್ಮ ಬಾಲ್ಕನಿಗೇ. ಒಣಗಾಕಿದ್ದ ಬಟ್ಟೆ ಮತ್ತೆ ಒಗೀಬೇಕು, ಅದು ಹಾಳಾಗ್ಲಿ, ನಮ್ಮತ್ತೆಗೆ ಮೊದ್ಲೇ ಉಬ್ಬಸ, ಕಿಟಕಿ ಮುಚ್ಕೊಂಡು ಸೆಕೇಲಿ ಕೂತಿದ್ವಿ. ಪೈಪು ಎರಡನೇ ಫ್ಲೋರಿಗೇ ನಿಂತೋಗಿದೆ, ಬಿಲ್ಡರ್ ಕೈ ತೊಳ್ಕೊಂಡು ಹೋದ.

ಎ-401: ಮೇಡಂ ಬೇಜಾರ್ ಮಾಡ್ಕೋಬೇಡಿ, ಡಿಜಿ ಇಲ್ದಿದ್ರೆ ನಮಗೆ ನೀರೂ ಇಲ್ಲ ಲಿಫ್ಟೂ ಇಲ್ಲ. ಅಪ್ಪಂಗೆ ಮಂಡಿ ಆಪರೇಷನ್ ಆಗಿದೆ.

ಬಿ-203: ನಿಲ್ಸಿ ಅಂತ ಯಾರ್ ಅಂದ್ರು ಸರ್? ಪೈಪ್ ಮೇಲಕ್ಕೆ ಏರ್ಸಿ ಅಂತಿದೀನಿ ಅಷ್ಟೇ.

ಸಿ-102 (ಟ್ರೆಷರರ್): ಲಾಗ್‌ಬುಕ್ ನೋಡ್ದೆ. 3 ಗಂಟೆಗೆ 40 ಲೀಟರ್ ಡೀಸೆಲ್, ಮೀಟರಲ್ಲಿ 120 ಯೂನಿಟ್. ಲೀಟರ್ 90 ರೂಪಾಯಿ ಅಂತ ಹಿಡಿದ್ರೂ ಯೂನಿಟ್ಟಿಗೆ 30 ರೂಪಾಯಿ ಬಿತ್ತು, ಸರ್ವಿಸ್ ಖರ್ಚು ಬೇರೆ. ಇಂಥದ್ರಲ್ಲಿ ಯಾರೋ ಪುಣ್ಯಾತ್ಮರು ಗೀಸರ್ ಹಾಕಿ ಎರಡು ಸಲ ಟ್ರಿಪ್ ಮಾಡ್ಸಿದ್ರು. ಮಧ್ಯರಾತ್ರಿ ಸ್ನಾನ ಯಾರಿಗೆ ಬೇಕಿತ್ತೋ ನಾ ಕಾಣೆ.

ಎ-104: ನಾನು ಯಲಹಂಕದಲ್ಲಿ ಮೂವತ್ತೈದು ವರ್ಷದಿಂದ ಇದ್ದೀನಮ್ಮ. 1993ರ ಸುಮಾರಿಗೆ ಇಲ್ಲೇ ಕೆಪಿಸಿಯವ್ರು, ಅಂದ್ರೆ ರಾಜ್ಯ ಸರ್ಕಾರದ ವಿದ್ಯುತ್ ನಿಗಮದವ್ರು, ಕರೆಂಟ್ ತಯಾರ್ಸೋ ಡೀಸೆಲ್ ಸ್ಟೇಷನ್ ಶುರು ಮಾಡಿದ್ರು, ಆರು ಇಂಜಿನ್ನು, ಆಮೇಲೆ ಹೆಚ್ಚು ಕಮ್ಮಿ 128 ಮೆಗಾವ್ಯಾಟ್ ತನಕ ಹೋಯ್ತು. ಆಗ ಕರೆಂಟಿಗೆ ಹೆಚ್ಚಾಗಿ ಶರಾವತಿ, ಕಾಳಿ ನೀರಿನ ಮೇಲೇ ನಮ್ಮ ಬದುಕು, ಮಳೆ ಕೈಕೊಟ್ರೆ ಕತ್ತಲೆ. ಕಲ್ಲಿದ್ದಲು ಬಾಯ್ಲರ್ ಕಾಯೋಕೆ ಗಂಟೆಗಟ್ಲೆ ಬೇಕು, ಡೀಸೆಲ್ ಇಂಜಿನ್ ಆದ್ರೆ ನಿಮಿಷಗಳಲ್ಲಿ ರೆಡಿ. ಆದ್ರೆ ಎಣ್ಣೆ ದುಬಾರಿ ನೋಡಿ, ಕೊನೆಗೆ ಮುಚ್ಚೇಬಿಟ್ರು, ಈಗ ಅಲ್ಲಿ 370 ಮೆಗಾವ್ಯಾಟ್ ಗ್ಯಾಸ್ ಪ್ಲಾಂಟ್ ಇದೆ. ಅವ್ರು ಬಿಟ್ಟಿದ್ದನ್ನ ನಾವು ಮನೆಗೊಂದು ಕಟ್ಕೊಂಡಿದ್ದೀವಿ.

ಸಿ-302: ಅಂಕಲ್ ಹೇಳಿದ್ದು ಸರಿ, ಆದ್ರೆ ಸದ್ಯಕ್ಕೆ ಇದನ್ನೇ ಸರಿ ಮಾಡ್ಕೋಬೇಕು. ಡಿಜಿ ಚಿಮಣಿಗೆ ಲೆಕ್ಕ ಇದೆ, ಕೆವಿಎದ (ಜನರೇಟರ್ ಸಾಮರ್ಥ್ಯದ ಅಳತೆ) ವರ್ಗಮೂಲಾನ 0.2ರಿಂದ ಗುಣಿಸಿದಷ್ಟು ಮೀಟರು ಬಿಲ್ಡಿಂಗ್‌ಗಿಂತ ಮೇಲಿರ್ಬೇಕು. ನಮ್ದು 100 ಕೆವಿಎ, ಅಂದ್ರೆ ಟೆರೇಸ್ ಮೇಲೆ 2 ಮೀಟರ್. ಹಾಗಂತ ಇದೇ ಪೈಪಿಗೆ ತುಂಡು ವೆಲ್ಡ್ ಮಾಡಿದ್ರೆ ಹೊಗೆ ಆಚೆ ಹೋಗೋಕಾಗ್ದೆ ಇಂಜಿನ್ ಉಸಿರು ಕಟ್ಟತ್ತೆ, ಅಗಲ ಜಾಸ್ತಿ ಇರೋ ಪೈಪ್ ಬೇಕು, ತಿರುವು ಕಮ್ಮಿ ಇರ್ಬೇಕು. ಇನ್ನೊಂದು, ಸೆಕ್ಯೂರಿಟಿ ಅಣ್ಣ ಪ್ರತಿ ಶನಿವಾರ ಲೋಡೇ ಇಲ್ದೆ ಅರ್ಧ ಗಂಟೆ ಓಡಿಸ್ತಾರೆ, ಅವ್ರ ತಪ್ಪಲ್ಲ, ಯಾರೂ ಹೇಳ್ಕೊಟ್ಟಿಲ್ಲ. ಹಂಗೆ ಓಡ್ಸಿದ್ರೆ ಉರೀದೇ ಉಳಿದ ಡೀಸೆಲ್ಲು ಮಸಿ ಜೊತೆ ಸೈಲೆನ್ಸರಲ್ಲಿ ಅಂಟಿ ಕೂರತ್ತೆ, ಮುಂದೆ ಲೋಡ್ ಬಿದ್ದಾಗ ಕಪ್ಪಗೆ ಕಕ್ಕತ್ತೆ. ಶೇ. 30 ಲೋಡ್ ಆದ್ರೂ ಇರ್ಬೇಕು, ಸಂಪ್ ಮೋಟ್ರು ಲಿಫ್ಟು ಎಲ್ಲ ಅದಕ್ಕೆ ಹಾಕಿ ಟೆಸ್ಟ್ ಮಾಡಿ.

ಎ-401: ಬಟ್ಟೆ ಮೇಲಿನ ಮಸಿಗೆ ಇದೇ ಕಾರಣಾನಾ? ಗೊತ್ತೇ ಇರ್ಲಿಲ್ಲ. ದುಡ್ಡು ಎಲ್ಲಿಂದ?

ಸಿ-102: ಸಿಂಕಿಂಗ್ ಫಂಡಿಂದ (ದೊಡ್ಡ ರಿಪೇರಿಗೆ ಅಂತ ಕೂಡಿಟ್ಟ ದುಡ್ಡು) ತೆಗೀಬಹುದು, ಮೂರು ಕೊಟೇಶನ್ ಬರ್ಲಿ. ಭಾನುವಾರ ಫ್ಯಾಬ್ರಿಕೇಟರ್ ಬಂದು ಅಳತೆ ತಗೋತಾರೆ, ಟೆರೇಸ್ ಬೀಗದ ಕೈ ಯಾರತ್ರ ಇದೆ?

ಬಿ-203: ನನ್ನತ್ರ ಇದೆ. ಕೇಬಲ್ ಜಾಯಿಂಟ್ ಪದೇ ಪದೇ ಹೋಗ್ತಿರೋದಕ್ಕೆ ಬೆಸ್ಕಾಂ ಸೆಕ್ಷನ್ ಆಫೀಸಿಗೆ ಲೆಟರ್ ಬರ್ದಿದೀನಿ, ಅವತ್ತೇ ಎಲ್ರೂ ಸೈನ್ ಹಾಕ್ಬಿಡಿ. ಕರೆಂಟ್ ಹೋಗೋದೇ ಕಮ್ಮಿ ಆದ್ರೆ ಅರ್ಧ ಹೊಗೆ ತಾನಾಗೇ ಕಮ್ಮಿ ಆಗತ್ತೆ.

ಎ-302: ಗೀಸರ್ ಹಾಕಿದ್ದು ನಮ್ಮನೆಯವ್ರು, ಊರಿಂದ ಆಗಷ್ಟೇ ಬಸ್ ಇಳ್ದು ಬಂದಿದ್ರು 🙏 ಭಾನುವಾರ ಕಾಫಿ ನಮ್ಮ ಕಡೆಯಿಂದ.