ಕೆಳಗಿನ ರಸ್ತೆಯ ಅಂಗಡಿಗಳು: ದೊಡ್ಡ ಮಳೆಗೆ ಮುಂಚೆ ಏನೇನು ಆಗಬೇಕು?

ಜೆರಾಕ್ಸ್ ಅಂಗಡಿ (ಅಡ್ಮಿನ್):
ಎಲ್ಲರಿಗೂ ನಮಸ್ಕಾರ. ಈ ವಾರ ದೇವರ ಫೋಟೋ, ಗುಡ್ ಮಾರ್ನಿಂಗ್ ಎಲ್ಲ ಸ್ವಲ್ಪ ಪಕ್ಕಕ್ಕಿಡೋಣ. ನಿನ್ನೆ ರಾತ್ರಿ ಮಳೆ ಸುರಿದದ್ದು ಒಂದು ಗಂಟೆಯೂ ಇಲ್ಲ. ಅಷ್ಟಕ್ಕೇ ಕೆಳಗಿನ ರಸ್ತೆಯ ಮೋರಿ ತುಂಬಿ ನೀರು ಅಂಗಡಿ ಮೆಟ್ಟಿಲಿಗೆ ಬಂತು. ಒಳಗೆ ಬರಲಿಲ್ಲ, ಸರಿ. ಆದರೆ ಇದಿನ್ನೂ ಸೆಪ್ಟೆಂಬರ್. ಚಿಕ್ಕಬಳ್ಳಾಪುರಕ್ಕೆ ಜೋರು ಮಳೆ ಬರುವುದೇ ಈ ತಿಂಗಳು ಮತ್ತು ಅಕ್ಟೋಬರ್‌ನಲ್ಲಿ. 2021ರಲ್ಲಿ ನವೆಂಬರ್ ಬಂದರೂ ಬಿಡಲಿಲ್ಲ. ಆವಾಗ ಕಂದವಾರ ಕೆರೆ ಕೋಡಿ ಹರಿದು ಊರೊಳಗೆ ನೀರು ಬಂದದ್ದು ಯಾರೂ ಮರೆತಿರಲಿಕ್ಕಿಲ್ಲ.

ಮೋರಿ ಸರಿ ಮಾಡಿಕೊಡಿ ಅಂತ ಅರ್ಜಿ ಕೊಟ್ಟಾಗಿದೆ. ಮತ್ತೆ ಕೊಡೋಣ, ಅದು ಬೇರೆ ಮಾತು. ಅದು ಆಗುವವರೆಗೆ ಅಂಗಡಿ ಉಳಿಸಿಕೊಳ್ಳುವುದು ನಮ್ಮ ಕೆಲಸ. ಯಾರ ಅಂಗಡಿಗೆ ಎಲ್ಲಿಯವರೆಗೆ ನೀರು ಬಂದಿತ್ತು, ಏನು ಮಾಡಿಕೊಂಡಿದ್ದೀರಿ, ಬರೆಯಿರಿ. ಸುಮ್ನೆ ಹೆಬ್ಬೆರಳು ಒತ್ತಿ ಹೋಗಬೇಡಿ.

ಬೇಕರಿ:
ಅಣ್ಣ, ಎಲ್ಲರಿಗಿಂತ ನಮ್ಮದೇ ತಗ್ಗು. ಹಳೇ ಡಾಂಬರಿನ ಮೇಲೇ ಹೊಸ ಡಾಂಬರು ಹಾಕಿ ಹಾಕಿ ರಸ್ತೆ ಎದ್ದಿತು, ಅಂಗಡಿ ಕೂತಿತು. ಹಿಂದೆ ಎರಡು ಮೆಟ್ಟಿಲು ಹತ್ತಿ ಬರುತ್ತಿದ್ದ ಗಿರಾಕಿ ಈಗ ಒಂದು ಮೆಟ್ಟಿಲು ಇಳಿದು ಬರುತ್ತಾರೆ. ಮೈದಾ ಮೂಟೆ ಎಲ್ಲಿಡುವುದು ಅನ್ನುವುದೇ ಚಿಂತೆ.

ಮೇಷ್ಟ್ರು (3ನೇ ಕ್ರಾಸ್):
ನಾನು ಅಂಗಡಿಯವನಲ್ಲ, ಆದರೂ ಒಂದು ಮಾತು. ಬೇಜಾರು ಮಾಡಿಕೊಳ್ಳಬೇಡಿ. ಮೋರಿ ಮೇಲೆ ಚಪ್ಪಡಿ ಹಾಕಿ, ಸಿಮೆಂಟ್ ಬಳಿದು, ಅದರ ಮೇಲೆ ಟೈಲ್ಸ್ ಕೂರಿಸಿದವರು ಯಾರು? ಹೂಳು ತೆಗೆಯಲು ಬಂದವರು ಕೈ ಹಾಕಲೂ ಜಾಗ ಇಲ್ಲ ಅಂತ ವಾಪಸ್ ಹೋದರು. ನಾನೇ ನಿಂತು ನೋಡಿದ್ದೇನೆ. ನೀರಾದರೂ ಎಲ್ಲಿಗೆ ಹೋಗಬೇಕು?

ಹಾರ್ಡ್‌ವೇರ್:
ಮೇಷ್ಟ್ರೇ, ಚಪ್ಪಡಿ ಇಲ್ಲದಿದ್ದರೆ ಗಿರಾಕಿಗಳು ಮೋರಿ ಹಾರಿಕೊಂಡು ಬರಬೇಕಾ? ಅಜ್ಜಿಯೊಬ್ಬರು ಬಿದ್ದು ಕಾಲು ಮುರಿದುಕೊಂಡದ್ದು ಇದೇ ಮೋರಿಗೆ.

ಮೇಷ್ಟ್ರು (3ನೇ ಕ್ರಾಸ್):
ಹಾಕಬೇಡಿ ಅನ್ನಲಿಲ್ಲಪ್ಪ. ಎತ್ತಲು ಬರುವ ಹಾಗೆ ಹಾಕಿ ಅಂದೆ.

ಎಂಜಿನಿಯರ್ ಸರ್ (ನಿವೃತ್ತ, 2ನೇ ಕ್ರಾಸ್):
ಜಗಳ ಬೇಡ, ಇದಕ್ಕೆ ದಾರಿ ಇದೆ. ಉದ್ದನೆಯ ಒಂದೇ ಚಪ್ಪಡಿ ಬದಲು ಎರಡಡಿ ಅಗಲದ ಕಾಂಕ್ರೀಟ್ ತುಂಡುಗಳು. ಎರಡು ಕಡೆ ಕಬ್ಬಿಣದ ಬಳೆ. ಹಾರೆ ತೂರಿಸಿ ಇಬ್ಬರು ಎತ್ತಬಹುದು. ನಡುನಡುವೆ ಜಾಲರಿ ಇಟ್ಟರೆ ರಸ್ತೆ ನೀರು ಮೋರಿಗೆ ಇಳಿಯುತ್ತದೆ. ಈಗ ಅದು ಇಳಿಯಲು ಕಿಂಡಿಯೇ ಇಲ್ಲ, ಅದಕ್ಕೇ ಅಂಗಡಿಗೆ ಬರುತ್ತದೆ.

ಇನ್ನೊಂದು ವಿಷಯ. ನಮಗೆ ಬರುವ ನೀರು ಎರಡು ಥರ. ಒಂದು, ಮೋಡ ಒಡೆದ ಹಾಗೆ ಸುರಿದು ಮೋರಿ ಉಕ್ಕುವುದು. ಅರ್ಧ ಗಂಟೆಯಲ್ಲಿ ಏರುತ್ತದೆ, ಮಳೆ ನಿಂತರೆ ಇಳಿಯುತ್ತದೆ. ಇನ್ನೊಂದು ಕೆರೆ ಕೋಡಿಯ ನೀರು. ಅದು ಮಳೆ ನಿಂತ ಮೇಲೆ ಬರುತ್ತದೆ, ಬಂದರೆ ಬೇಗ ಹೋಗುವುದೂ ಇಲ್ಲ. ಮಳೆ ನಿಂತಿತಲ್ಲ ಅಂತ ಮನೆಗೆ ಹೋಗಿ ಮಲಗಿದರೆ ಬೆಳಿಗ್ಗೆ ಶಟರ್ ಎತ್ತುವಾಗ ಗೊತ್ತಾಗುತ್ತದೆ. ನಂದಿ ಬೆಟ್ಟದ ಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಲಾರ್, ಅರ್ಕಾವತಿ ಎಲ್ಲ ಹುಟ್ಟುತ್ತವೆ. ಆದರೂ ವರ್ಷಪೂರ್ತಿ ಹರಿಯುವ ನದಿ ಜಿಲ್ಲೆಯಲ್ಲಿ ಒಂದೂ ಇಲ್ಲ. ಅದಕ್ಕೇ ಹಿಂದಿನವರು ಮೇಲಿನ ಕೆರೆ ಕೋಡಿ ಕೆಳಗಿನ ಕೆರೆಗೆ ಸೇರುವ ಹಾಗೆ ಸಾಲಾಗಿ ಕೆರೆ ಕಟ್ಟಿದರು. ಆ ನಡುವಿನ ಕಾಲುವೆಯ ಜಾಗದಲ್ಲಿ ನಾವು ಊರು ಕಟ್ಟಿಕೊಂಡಿದ್ದೇವೆ.

ಹೂವಿನ ಮಂಡಿ:
ಸರ್, ಎಚ್.ಎನ್. ವ್ಯಾಲಿ ನೀರು ಬಂದ ಮೇಲೆ ಕೆರೆ ಯಾವಾಗಲೂ ತುಂಬಿರುತ್ತದೆ, ಅದಕ್ಕೇ ಬೇಗ ಕೋಡಿ ಬೀಳುತ್ತದೆ ಅಂತಾರೆ. ನಿಜವಾ?

ಎಂಜಿನಿಯರ್ ಸರ್:
ಖಾಲಿ ಕೆರೆ ಮೊದಲ ನಾಲ್ಕು ಮಳೆಯನ್ನು ನುಂಗಿಕೊಳ್ಳುತ್ತದೆ. ತುಂಬಿದ ಕೆರೆಯಲ್ಲಿ ಆ ಜಾಗ ಇರುವುದಿಲ್ಲ. ಅಷ್ಟು ನಿಜ. ಆದರೆ ಬೆಂಗಳೂರಿನ ಹೆಬ್ಬಾಳ, ನಾಗವಾರದ ಕಡೆಯ ಕೊಳಚೆ ನೀರು ಶುದ್ಧ ಮಾಡಿ ಇಲ್ಲಿಗೆ ತಂದದ್ದು ಅಂತರ್ಜಲ ಏರಲಿ ಅಂತ. ಬೋರ್‌ವೆಲ್ ಸಾವಿರ ಅಡಿ ಕೊರೆಸಿದ ಊರು ನಮ್ಮದು. ಕೆರೆ ತುಂಬಿದ್ದಕ್ಕೆ ಬೈಯುವುದು ಬೇಡ. ತುಂಬಿದ ಕೆರೆಯ ಕೆಳಗೆ ಕೂತಿದ್ದೇವೆ ಅಂತ ತಿಳಿದು ನಡೆದುಕೊಳ್ಳೋಣ.

ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ಮುಟ್ಟಿದರೆ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ. ನಮ್ಮ ಜಿಲ್ಲೆಗೆ ಆರೆಂಜ್ ಅಲರ್ಟ್ ಅಂದರೆ ಆ ಸಂಜೆಯೇ ನೆಲದ ಮೇಲಿನ ಸಾಮಾನು ಮೇಲಕ್ಕೆ ಹೋಗಬೇಕು. ಹತ್ತು ಸಲದಲ್ಲಿ ಏಳು ಸಲ ಏನೂ ಆಗದಿರಬಹುದು. ಬೈದುಕೊಂಡೇ ಎತ್ತಿಡಿ.

ಎಲೆಕ್ಟ್ರಿಷಿಯನ್:
ಈ ಸಾಲಿನ ಅರ್ಧ ಅಂಗಡಿಗೆ ವೈರಿಂಗ್ ಮಾಡಿದವನು ನಾನೇ, ಹಾಗಾಗಿ ಹೇಳುತ್ತೇನೆ. ಪ್ಲಗ್ ಪಾಯಿಂಟ್ ಎಲ್ಲ ಮೊಣಕಾಲಿಗಿಂತ ಕೆಳಗಿವೆ. ಯುಪಿಎಸ್ ಬ್ಯಾಟರಿ ನೆಲದ ಮೇಲಿದೆ. ಫ್ರಿಜ್, ಫ್ರೀಜರ್‌ಗಳ ಕಂಪ್ರೆಸರ್ ತಳದಲ್ಲೇ ಇರುತ್ತದೆ, ಒಂದು ಗೇಣು ನೀರು ಬಂದರೆ ಸಾಕು ಅದರ ಕಥೆ ಮುಗಿಯಿತು. ಬ್ಯಾಟರಿಗೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಫ್ರೀಜರ್ ಕೆಳಗೆ ಕಾಂಕ್ರೀಟ್ ಬ್ಲಾಕ್ ಕೊಡಿ. 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಕಟ್ ಆಗುವ ಸ್ವಿಚ್) ಇಲ್ಲದವರು ಹಾಕಿಸಿ. ಅದು ಸಾಮಾನಿಗಲ್ಲ, ನಿಮ್ಮ ಜೀವಕ್ಕೆ.

ನೀರು ಹೊಸ್ತಿಲಿಗೆ ಬರುವ ಮುಂಚೆ ಮೇನ್ ಆಫ್ ಮಾಡಿ. ನೀರೊಳಗೆ ನಿಂತು ಮೇನ್ ಮುಟ್ಟಬೇಡಿ. ಆಗ ಬೆಸ್ಕಾಂ 1912ಕ್ಕೆ ಫೋನ್ ಮಾಡಿ ಲೈನ್ ಕಟ್ ಮಾಡಿಸಿ. ನೀರು ಇಳಿದ ಮೇಲೆ ಒಣಗಿದೆಯಲ್ಲ ಅಂತ ಸ್ವಿಚ್ ಹಾಕಬೇಡಿ, ಕರೆಯಿರಿ, ಮೆಗ್ಗರ್ (ವೈರಿನ ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಿಡಿದು ನೋಡುತ್ತೇನೆ. ಜನರೇಟರ್ ಇರುವವರು ಶಟರ್ ಎಳೆದುಕೊಂಡು ಒಳಗೆ ಓಡಿಸಬೇಡಿ. ಅದರ ಹೊಗೆ ಉಸಿರು ಕಟ್ಟಿಸುತ್ತದೆ, ವಾಸನೆಯಿಂದ ಗೊತ್ತಾಗಲಿ ಅಂತ ಕಾಯಬೇಡಿ.

ಬೇಕರಿ:
ಕರೆಂಟ್ ಹೋದರೆ ಐಸ್‌ಕ್ರೀಂ, ಕ್ರೀಮ್, ಬೆಣ್ಣೆ ಎಷ್ಟು ಹೊತ್ತು ತಡೆಯುತ್ತದೆ?

ಮೆಡಿಕಲ್ ಸ್ಟೋರ್:
ಫ್ರೀಜರ್ ತುಂಬಿದ್ದು, ಬಾಗಿಲು ತೆಗೆಯದೆ ಇದ್ದರೆ ಸುಮಾರು 48 ಗಂಟೆ. ಅರ್ಧ ತುಂಬಿದ್ದರೆ 24. ಮಾಮೂಲಿ ಫ್ರಿಜ್ ಆದರೆ 4 ಗಂಟೆ. ಖಾಲಿ ಜಾಗದಲ್ಲಿ ನೀರಿನ ಬಾಟಲಿ ಇಟ್ಟು ಗಟ್ಟಿ ಮಾಡಿಕೊಳ್ಳಿ. ನನ್ನದು ಇನ್ಸುಲಿನ್ ಚಿಂತೆ, ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಐಸ್‌ಗೆ ನೇರವಾಗಿ ತಾಗಿ ಗಟ್ಟಿಯಾದರೂ ಹಾಳು. ಥರ್ಮಾಕೋಲ್ ಪೆಟ್ಟಿಗೆ, ಜೆಲ್ ಪ್ಯಾಕ್, ಒಂದು ಥರ್ಮಾಮೀಟರ್ ರೆಡಿ ಇಟ್ಟಿದ್ದೇನೆ. ಮೋರಿ ನೀರು ತಾಗಿದ ಮೈದಾ, ಸಕ್ಕರೆ, ಬಿಸ್ಕತ್ ಪ್ಯಾಕೆಟ್ ಯಾವುದನ್ನೂ ಒರೆಸಿ ಮಾರಬೇಡಿ ಅಣ್ಣ.

ಬೇಕರಿ:
ಮಾರಲ್ಲಪ್ಪ. ಮನೆ ಮಕ್ಕಳೂ ಅದನ್ನೇ ತಿನ್ನುವುದು.

ಟೈಲರ್ ಅಕ್ಕ:
ನನ್ನ ಅಂಗಡಿಯಲ್ಲಿ ನನ್ನದು ಅಂತ ಇರುವುದು ಎರಡು ಮಿಷಿನ್ನು, ದಾರದ ಉಂಡೆಗಳು. ಉಳಿದದ್ದೆಲ್ಲ ಗಿರಾಕಿಗಳದ್ದು. ಮದುವೆ ಸೀಸನ್ನಿನಲ್ಲಿ ಫಾಲ್ಸ್ ಹಾಕಲು, ಕುಚ್ಚು ಕಟ್ಟಲು ಕೊಟ್ಟ ರೇಷ್ಮೆ ಸೀರೆಗಳೇ ಎಷ್ಟೋ ಇರುತ್ತವೆ. ಒಂದು ಸೀರೆಗೆ ಮೋರಿ ನೀರು ತಾಗಿದರೆ ನನ್ನ ವರ್ಷದ ಹೊಲಿಗೆ ಕೂಲಿ ಹೋಯಿತು. ಇನ್ಶೂರೆನ್ಸ್ ಅದಕ್ಕೆ ಬರುತ್ತದಾ?

ಟ್ಯಾಕ್ಸ್ ಮೇಡಂ:
ಒಳ್ಳೆ ಪ್ರಶ್ನೆ ಅಕ್ಕ, ಸ್ವಲ್ಪ ಉದ್ದ ಬರೆಯುತ್ತೇನೆ.

2021ರ ಏಪ್ರಿಲ್ 1ರಿಂದ ಸಣ್ಣ ವ್ಯಾಪಾರಕ್ಕೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಅಂತ ಒಂದೇ ಮಾದರಿಯ ಪಾಲಿಸಿ ಇದೆ. ಒಂದು ಜಾಗದಲ್ಲಿರುವ ಕಟ್ಟಡ, ಮಿಷಿನ್ನು, ಸ್ಟಾಕ್ ಎಲ್ಲ ಸೇರಿ 5 ಕೋಟಿ ರೂಪಾಯಿವರೆಗೆ ಇದೇ ಪಾಲಿಸಿ. ಬೆಂಕಿ, ಬಿರುಗಾಳಿ, ನೆರೆ, ಭೂಕಂಪ ಅದರೊಳಗೇ ಬರುತ್ತವೆ. (ಭೂಕಂಪ ನಮಗ್ಯಾಕೆ ಅನ್ನಬೇಡಿ, 2021ರ ಡಿಸೆಂಬರ್‌ನಲ್ಲಿ ಇಲ್ಲೇ ಭೂಮಿ ನಡುಗಿತ್ತಲ್ಲ.) ಅಂಗಡಿ ಮುಚ್ಚಿದ್ದ ದಿನಗಳ ವ್ಯಾಪಾರದ ನಷ್ಟ ಮಾತ್ರ ಇದರಲ್ಲಿ ಬರುವುದಿಲ್ಲ.

ಗಿರಾಕಿಯ ವಸ್ತು ನಿಮ್ಮ ಸ್ಟಾಕ್ ಅಲ್ಲ. ಪಾಲಿಸಿ ಮಾಡಿಸುವಾಗಲೇ ‘ಬೇರೆಯವರ ವಸ್ತು ನನ್ನ ಸುಪರ್ದಿನಲ್ಲಿ ಇರುತ್ತದೆ’ ಅಂತ ಹೇಳಿ ಬರೆಸಬೇಕು. ಟೈಲರ್, ಲಾಂಡ್ರಿ, ಮೊಬೈಲ್ ರಿಪೇರಿ, ಮೂವರಿಗೂ ಇದೇ ಮಾತು. ಜೊತೆಗೆ ಯಾರ ಸೀರೆ, ಯಾವ ದಿನ ಬಂತು ಅನ್ನುವ ಚೀಟಿ ಪುಸ್ತಕ ಇರಬೇಕು.

ಪ್ರೀಮಿಯಂ ಉಳಿಸಲು ಬೆಲೆ ಕಮ್ಮಿ ತೋರಿಸಬೇಡಿ. 10 ಲಕ್ಷದ ಸ್ಟಾಕ್ ಇಟ್ಟುಕೊಂಡು 5 ಲಕ್ಷಕ್ಕೆ ಮಾಡಿಸಿದರೆ, 2 ಲಕ್ಷ ನಷ್ಟವಾದಾಗ ಕೈಗೆ ಬರುವುದು 1 ಲಕ್ಷ. ಶೇ. 15ರವರೆಗಿನ ಕೊರತೆಯನ್ನು ಈ ಪಾಲಿಸಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದಕ್ಕಿಂತ ಜಾಸ್ತಿ ಆದರೆ ಕತ್ತರಿ.

ಬ್ಯಾಂಕ್ ಸಾಲ ಇರುವವರೇ, ನಿಮ್ಮ ಸ್ಟಾಕಿಗೆ ಬ್ಯಾಂಕಿನವರೇ ಪಾಲಿಸಿ ಮಾಡಿಸಿ ನಿಮ್ಮ ಖಾತೆಯಿಂದ ದುಡ್ಡು ಹಿಡಿದಿರಬಹುದು. ಹೋಗಿ ಕಾಪಿ ಕೇಳಿ. ವಿಳಾಸ ನೋಡಿ. ಗೋಡೌನ್ ಬೇರೆ ಕಡೆ ಇದ್ದು ಪಾಲಿಸಿಯಲ್ಲಿ ಅಂಗಡಿ ವಿಳಾಸ ಮಾತ್ರ ಇದ್ದರೆ, ಗೋಡೌನಿನ ಮಾಲಿಗೆ ಏನೂ ಬರುವುದಿಲ್ಲ.

ನಷ್ಟವಾದರೆ ಅದೇ ದಿನ ಕಂಪನಿಗೆ ತಿಳಿಸಿ. ನಷ್ಟ ಲೆಕ್ಕ ಹಾಕಲು ಬರುವ ಸರ್ವೇಯರ್ ನೋಡುವ ಮುಂಚೆ ಕೆಟ್ಟ ಮಾಲನ್ನು ಎಸೆಯಬೇಡಿ. ವಾಸನೆ ತಡೆಯಲಾರದೆ ಎಸೆಯಲೇಬೇಕಾದರೆ ಕಂಪನಿಗೆ ಹೇಳಿ, ಎಣಿಸಿ, ವಿಡಿಯೋ ಮಾಡಿ ಎಸೆಯಿರಿ. ಗೋಡೆಯಲ್ಲಿ ನೀರು ನಿಂತ ಗುರುತನ್ನು ತೊಳೆಯುವ ಮುಂಚೆ, ಪಕ್ಕದಲ್ಲಿ ಟೇಪ್ ಹಿಡಿದು ಫೋಟೋ ತೆಗೆಯಿರಿ. ಜಿಎಸ್‌ಟಿಯಲ್ಲಿ ಇನ್‌ಪುಟ್ (ಮಾಲು ಕೊಳ್ಳುವಾಗ ಕಟ್ಟಿದ ತೆರಿಗೆಯ ಕ್ರೆಡಿಟ್) ತೆಗೆದುಕೊಂಡವರು, ಹಾಳಾದ ಮಾಲಿನ ಇನ್‌ಪುಟ್ ವಾಪಸ್ ಮಾಡಬೇಕು. ಸೆಕ್ಷನ್ 17(5)ರಲ್ಲಿದೆ. ಇದು ಆಮೇಲೆ ನೋಟಿಸ್ ಬಂದಾಗಲೇ ಎಲ್ಲರಿಗೂ ನೆನಪಾಗುವುದು.

ಕಿರಾಣಿ ಅಂಗಡಿ:
ಮೇಡಂ, ನನಗೆ ಇನ್ಶೂರೆನ್ಸಿಗಿಂತ ಉದ್ರಿ ಪುಸ್ತಕದ ಚಿಂತೆ. ಅದು ನೆನೆದರೆ ಅರ್ಧ ಬಡಾವಣೆಗೆ ಸಾಲ ಮನ್ನಾ.

ಜೆರಾಕ್ಸ್ ಅಂಗಡಿ (ಅಡ್ಮಿನ್):
😄 ಪ್ರತಿ ವಾರ ಹಾಳೆಗಳ ಫೋಟೋ ತೆಗೆದು ಮನೆಯವರ ಫೋನಿಗೆ ಕಳಿಸಿ ಅಣ್ಣ. ಲೈಸೆನ್ಸ್, ಬಾಡಿಗೆ ಕರಾರು, ಪಾಲಿಸಿ, ದೊಡ್ಡ ಬಿಲ್ಲುಗಳು ಎಲ್ಲ ನನ್ನ ಹತ್ತಿರ ತನ್ನಿ, ಸ್ಕ್ಯಾನ್ ಮಾಡಿ ನಿಮಗೇ ಕಳಿಸುತ್ತೇನೆ. ಈ ತಿಂಗಳು ನಮ್ಮ ರಸ್ತೆಯವರಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಹಾಗೇ ಅಂಗಡಿ ಒಳಗೆ ಒಂದು ಸುತ್ತು ವಿಡಿಯೋ ಮಾಡಿಟ್ಟುಕೊಳ್ಳಿ. ಏನಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ.

ಹೂವಿನ ಮಂಡಿ:
ನಮಗೆ ಅಂಗಡಿಗೆ ನೀರು ಬರದಿದ್ದರೂ ನಷ್ಟವೇ. ಹೆದ್ದಾರಿಯಲ್ಲಿ ಎಲ್ಲೋ ನೀರು ನಿಂತು ಗಾಡಿ ತಡವಾದರೆ ಸೇವಂತಿಗೆ ಕೇಳುವವರಿಲ್ಲ. ನೆಟ್‌ವರ್ಕ್ ಹೋದರೆ ಫೋನ್‌ಪೇ ಇಲ್ಲ, ಜನರ ಜೇಬಲ್ಲಿ ನೋಟೂ ಇಲ್ಲ. ನಾನು ಎರಡು ಕಂಪನಿಯ ಸಿಮ್ ಇಟ್ಟಿದ್ದೇನೆ, ಚಿಲ್ಲರೆ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ರೈತರಿಗೆ ಹಿಂದಿನ ಸಂಜೆಯೇ ಫೋನ್ ಮಾಡಿ ನಾಳೆ ಕಮ್ಮಿ ಕೀಳಿ ಅಂತೀನಿ. ಗಿಡದಲ್ಲಿದ್ದರೆ ಇನ್ನೊಂದು ದಿನ ತಡೆಯುತ್ತದೆ.

ಹಾರ್ಡ್‌ವೇರ್:
ಮರಳು ಮೂಟೆ ಕೇಳುವವರಿಗೆ: ಚೀಲ ಪೂರ್ತಿ ತುಂಬಬೇಡಿ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಪೂರ್ತಿ ತುಂಬಿದ ಚೀಲ ದುಂಡಗೆ ನಿಲ್ಲುತ್ತದೆ, ಸಂದಿಯಲ್ಲಿ ನೀರು ಬರುತ್ತದೆ. ಅರ್ಧ ತುಂಬಿದ್ದನ್ನು ಬಾಯಿ ಮಡಚಿ ಕೆಳಗೆ ಹಾಕಿ, ಇಟ್ಟಿಗೆ ಕಟ್ಟಿದ ಹಾಗೆ ಸಂದಿ ತಪ್ಪಿಸಿ ಜೋಡಿಸಿ, ಒಂದೊಂದು ವರಸೆಯನ್ನೂ ಕಾಲಲ್ಲಿ ತುಳಿಯಿರಿ. ಹೊರಗಡೆಯಿಂದ ಟಾರ್ಪಾಲು ಹೊದಿಸಿ, ಅದರ ಅಂಚು ಮೂಟೆ ಕೆಳಗೆ ಸೇರಲಿ. ಎಂ-ಸ್ಯಾಂಡ್ ಸಾಕು. ದುಡ್ಡು ಹಾಕುವವರು ಶಟರ್ ಪಕ್ಕದ ಗೋಡೆಗೆ ಎರಡು ಕಬ್ಬಿಣದ ಚಾನೆಲ್ ಬಡಿಸಿ, ಬೇಕಾದಾಗ ಹಲಗೆ ಇಳಿಸಿಕೊಳ್ಳಿ. ಟಾಯ್ಲೆಟ್ ಮರೆಯಬೇಡಿ. ಮುಂದೆ ಕಟ್ಟಿದರೆ ನೀರು ಹಿಂದಿನ ಕಮೋಡಿನಿಂದ ಉಕ್ಕುತ್ತದೆ, ಅಲ್ಲೂ ಒಂದು ಮೂಟೆ.

ಟೈಲರ್ ಅಕ್ಕ:
ಕಟ್ಟಡ ನಮ್ಮದಲ್ಲವಲ್ಲ. ಚಾನೆಲ್, ಚಪ್ಪಡಿ ಖರ್ಚು ಬಾಡಿಗೆಯವರು ಕೊಡಬೇಕಾ, ಓನರ್ ಕೊಡಬೇಕಾ?

ಜೆರಾಕ್ಸ್ ಅಂಗಡಿ (ಅಡ್ಮಿನ್):
ಇದಕ್ಕೆ ಗುಂಪಿನಲ್ಲಿರುವ ಓನರ್‌ಗಳು ಉತ್ತರ ಕೊಡಲಿ. ನೋಡಿದ್ದಾರೆ ಅಂತ ನೀಲಿ ಟಿಕ್ ತೋರಿಸುತ್ತಿದೆ.

ಕಟ್ಟಡದ ಓನರ್ (ಬೇಕರಿ ಸಾಲು):
ಚಪ್ಪಡಿ ನಾನು ಮಾಡಿಸುತ್ತೇನೆ. ಚಾನೆಲ್ ನಿಮ್ಮದು. ಬೇರೆ ಸಾಲಿನ ವಿಷಯ ನನಗೆ ಗೊತ್ತಿಲ್ಲ.

ಜೆರಾಕ್ಸ್ ಅಂಗಡಿ (ಅಡ್ಮಿನ್):
ಆಯಿತು ಸರ್, ಒಂದು ಸಾಲಾದರೂ ಆಯಿತಲ್ಲ. ಇನ್ನುಳಿದದ್ದು: ರಾತ್ರಿ ಯಾರು ಯಾರಿಗೆ ಫೋನ್ ಮಾಡುವುದು. ಗುಂಪಿಗೆ ಮೆಸೇಜ್ ಹಾಕಿದರೆ ರಾತ್ರಿ ಯಾರೂ ನೋಡುವುದಿಲ್ಲ. ಬೇಕರಿ ಮೇಲೆ ಮನೆ ಇರುವುದರಿಂದ ನೀರು ಮೊದಲು ಕಾಣುವುದು ಅವರಿಗೆ. ಅವರು ನನಗೆ ಮತ್ತು ಹಾರ್ಡ್‌ವೇರ್ ಅಣ್ಣನಿಗೆ ಮಾಡಲಿ, ನಾವಿಬ್ಬರು ಉಳಿದವರನ್ನು ಎಬ್ಬಿಸುತ್ತೇವೆ. ಕೆರೆ ನೀರು ಅಂತ ಗೊತ್ತಾದರೆ ಜಿಲ್ಲಾ ಕಂಟ್ರೋಲ್ ರೂಮ್ 1077, ಜೀವಕ್ಕೆ ಅಪಾಯ ಅಂದರೆ 112. ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿ ಮೋರಿ ಬಾಯಿಯ ಕಸ ತೆಗೆಯೋಣವಾ?

ಎಂಜಿನಿಯರ್ ಸರ್:
ಮೇಲಿಂದ ಕೊಕ್ಕೆಯಲ್ಲಿ ಪ್ಲಾಸ್ಟಿಕ್ ಎಳೆಯುವುದು ಮಾತ್ರ. ಯಾರೂ ಇಳಿಯಬೇಡಿ, ಕೂಲಿ ಕೊಟ್ಟು ಯಾರನ್ನೂ ಇಳಿಸಲೂಬೇಡಿ. ಈ ಮೋರಿಗೆ ಟಾಯ್ಲೆಟ್ ನೀರೂ ಸೇರುತ್ತದೆ, ಅಲ್ಲಿ ಮನುಷ್ಯರಿಂದ ಬಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಲ್ಲಿ ಅಪರಾಧ. ಹೂಳಿಗೆ ನಗರಸಭೆಯ ಯಂತ್ರವೇ ಬರಬೇಕು. ಅರ್ಜಿ ನಾನು ಬರೆದುಕೊಡುತ್ತೇನೆ, ಎಲ್ಲರೂ ಸಹಿ ಹಾಕಿ.

ಬೇಕರಿ:
ಭಾನುವಾರ ಮಹಾಲಯ ಅಮಾವಾಸ್ಯೆ ಅಣ್ಣ, ಮನೆಯಲ್ಲಿ ಎಡೆ ಇಡಬೇಕು. ಯಾರೂ ಬರುವುದಿಲ್ಲ.

ಜೆರಾಕ್ಸ್ ಅಂಗಡಿ (ಅಡ್ಮಿನ್):
ಹೌದಲ್ವಾ. ಹಾಗಾದರೆ ಶನಿವಾರ ಬೆಳಿಗ್ಗೆ 6:30, ಬೇಕರಿ ಮುಂದೆ.

ಹಾರ್ಡ್‌ವೇರ್:
ಹಾರೆ, ಕೊಕ್ಕೆ, ಗ್ಲೌಸ್ ನಾನು ತರುತ್ತೇನೆ. ಬಾಂಡ್ಲಿ ಮಾತ್ರ ಯಾರಾದರೂ ತನ್ನಿ, ನನ್ನದೆಲ್ಲ ಮಾರಾಟದ್ದು.

ಮೇಷ್ಟ್ರು (3ನೇ ಕ್ರಾಸ್):
ಬಾಂಡ್ಲಿ ನಮ್ಮ ಮನೆಯಲ್ಲಿದೆ. ಟೀ ಬೇಕರಿಯವರದ್ದು.