ಫ್ರೆಂಚಿನ 'ರೆ', ಕನ್ನಡದ 'ರೆ', ಮತ್ತೆ 'ಸಂಭಾವನಾರ್ಥ' ಅನ್ನುವ ಹೆಸರು

ನನ್ನ ತಂಗಿಯ ಮಗಳು ಪಿಯುಸಿಯಲ್ಲಿ ಫ್ರೆಂಚ್ ತಗೊಂಡಿದ್ದಾಳೆ. 'ದುಡ್ಡಿದ್ದಿದ್ದರೆ ಮನೆ ಕೊಳ್ಳುತ್ತಿದ್ದೆ' ಅನ್ನುವುದಕ್ಕೆ ಅವಳು 'ಸಿ ಜೋರೆ ದ ಲಾರ್ಜಾಂ, ಜಾಶೆತ್ರೆ ಯೂನ್ ಮೆಜೋಂ' ಅಂತ ಬರೆದಿದ್ದಳು. ಬರಬೇಕಾದದ್ದು 'ಸಿ ಜಾವೆ'. 'ಸಿ' ಅಂದರೆ ಇಂಗ್ಲಿಷಿನ 'ಇಫ್'. "ದೊಡ್ಡಮ್ಮಾ, 'ರೆ' ಇದ್ದರೇ ತಾನೇ 'ಇದ್ದರೆ' ಆಗೋದು?" ಅಂತ ಕೇಳಿದಳು.

ಆ ಪ್ರಶ್ನೆ ಕೇಳಿದ ಮೇಲೆ ತಪ್ಪಿನ ಬೇರು ಕಾಣಿಸಿತು. ಕನ್ನಡದಲ್ಲಿ 'ರೆ' ಕೂರುವುದು ಷರತ್ತಿನ ಕಡೆ: ಬಂದರೆ, ಇದ್ದರೆ. ಫ್ರೆಂಚಿನಲ್ಲಿ 'ರೆ' ಬರುವುದು ಫಲದ ಕಡೆ: ಜಾಶೆತ್ರೆ, 'ಕೊಳ್ಳುತ್ತಿದ್ದೆ'. ಫ್ರಾನ್ಸಿನ ಶಾಲೆಗಳಲ್ಲಿ ಮಕ್ಕಳಿಗೆ 'ಲೆ ಸಿ ನೆಮ್ ಪಾ ಲೆ ರೆ' ಅಂತ ಬಾಯಿಪಾಠ ಮಾಡಿಸುತ್ತಾರೆ. 'ಸಿ'ಗಳಿಗೆ 'ರೆ'ಗಳನ್ನು ಕಂಡರಾಗದು ಅಂತ ಅರ್ಥ.

'ಸಿ' ಆದಮೇಲೆ 'ಜಾವೆ'ಯಂಥ ಹಿಂದಿನ ಕಾಲದ ಆ್ಯಂಪಾರ್ಫೆ ರೂಪ ಯಾಕೆ ಅಂತಲೂ ಕೇಳಿದಳು. ಇದು ನಮಗೆ ಹೊಸದೇನಲ್ಲ. 'ನಾಳೆ ಮಳೆ ಬಂದರೆ' ಅನ್ನುವಾಗ ನಾವೂ ಭೂತಕಾಲದ 'ಬಂದ್'ಗೇ 'ಅರೆ' ಸೇರಿಸುತ್ತೇವೆ. ತಿಂದರೆ, ಹೋದರೆ, ಎಲ್ಲ ಹಾಗೇ. ಫಲದ ಕಡೆಯೂ ಅಷ್ಟೇ. 'ಮುಂಚೆ ದಿನಾ ಕೊಳ್ಳುತ್ತಿದ್ದೆ' ಅನ್ನುವ ರೂಪವನ್ನೇ 'ದುಡ್ಡಿದ್ದಿದ್ದರೆ ಕೊಳ್ಳುತ್ತಿದ್ದೆ' ಅನ್ನುವಾಗಲೂ ಬಳಸುತ್ತೇವೆ. ಫ್ರೆಂಚಿನ ಕೊಂಡಿಸಿಯೊನೆಲ್, ಅಂದರೆ 'ಜಾಶೆತ್ರೆ'ಯಂಥ 'ರೆ' ರೂಪ ಕೂಡ ಕ್ರಿಯಾಪದದ ಮೂಲರೂಪಕ್ಕೆ ಆ್ಯಂಪಾರ್ಫೆಯ ಪ್ರತ್ಯಯ ಹಚ್ಚಿ ಆದದ್ದು. ಎರಡು ದೂರದ ಭಾಷೆಗಳು ಒಂದೇ ದಾರಿ ಹಿಡಿದಿವೆ, ಅಲ್ವಾ?

'ಸಿ' ಆದಮೇಲೂ 'ರೆ', 'ರಾ' ಬರುವ ಜಾಗ ಒಂದಿದೆ. 'ಜ ನ ಸೆ ಪಾ ಸಿಲ್ ವ್ಯಾಂದ್ರಾ', ಅಂದರೆ 'ಅವನು ಬರುತ್ತಾನೋ ಇಲ್ಲವೋ ಗೊತ್ತಿಲ್ಲ'. ಇಲ್ಲಿ ಭವಿಷ್ಯತ್ ರೂಪ ಸರಿ. ಕನ್ನಡ ಬಲ್ಲವರಿಗೆ ಇದು ಸುಲಭ. ಆ 'ಸಿ' ಕನ್ನಡದಲ್ಲಿ '-ಅರೆ' ಆದರೆ 'ರೆ' ಬೇಡ, 'ರಾ'ನೂ ಬೇಡ. '-ಓ' ಆದರೆ ಅಡ್ಡಿಯಿಲ್ಲ. 'ಓ ಕಾ ಊ' ಅನ್ನುವ 'ಒಂದು ವೇಳೆ' ಮಾತ್ರ ಬೇರೆ. ಅದಾದ ಮೇಲೆ ಕೊಂಡಿಸಿಯೊನೆಲ್ಲೇ ಬರುತ್ತದೆ.

ಅವಳ ವಾಕ್ಯದ 'ದ ಲಾರ್ಜಾಂ'ನಲ್ಲಿ 'ದ ಲ' ಇದೆಯಲ್ಲ, ನಾಮಪದದ ಮುಂದೆ ಬರುವ ಆ ಆರ್ಟಿಕಲ್ ವಿಷಯ ಚಿಕ್ಕದು. 'ಸಿ'ಯಿಂದ ಆರ್ಟಿಕಲ್ ಬದಲಾಗುವುದಿಲ್ಲ, ನಿಷೇಧದಿಂದ ಬದಲಾಗುತ್ತದೆ. 'ಇಲ್ ನ್ಯಾ ಪಾ ದ ತೆ' ಅಂದರೆ ಟೀ ಇಲ್ಲ, 'ದ್ಯು' ಹೋಗಿ 'ದ' ಆಯಿತು. 'ಸ ನೆ ಪಾ ದ್ಯು ತೆ' ಅಂದರೆ ಇದು ಟೀ ಅಲ್ಲ, 'ದ್ಯು' ಹಾಗೇ ಉಳಿಯಿತು. ನಮ್ಮ 'ಇಲ್ಲ', 'ಅಲ್ಲ' ಗಮನಿಸಿದರೆ ಸಾಕು, ಹುಡುಗಿ ತಪ್ಪುವುದಿಲ್ಲ. ಇನ್ನು 'ಸಿ ಜಾವೆ ದ ಲಾರ್ಜಾಂ' ಅಂದರೆ ಬರೀ ದುಡ್ಡಿದ್ದಿದ್ದರೆ. 'ಸಿ ಜಾವೆ ಲಾರ್ಜಾಂ' ಅಂದರೆ ಅದಕ್ಕೆ ಬೇಕಾದಷ್ಟು, ಆ ದುಡ್ಡಿದ್ದಿದ್ದರೆ.

ಈಗ ನನ್ನ ಪ್ರಶ್ನೆ. ಅವಳಿಗೆ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಡುತ್ತಿದ್ದೇನೆ. ಕೊಂಡಿಸಿಯೊನೆಲ್‌ಗೆ 'ಸಂಭಾವನಾರ್ಥ' ಅನ್ನಬಹುದೇ? ನನಗೆ ಒಪ್ಪಿಗೆಯಾಗುತ್ತಿಲ್ಲ. ನಮ್ಮ ಶಾಲೆಯ ವ್ಯಾಕರಣದಲ್ಲಿ ಸಂಭಾವನಾರ್ಥ ಅಂದರೆ 'ಬಂದಾನು', 'ಮಾಡಿಯಾನು'. 'ದುಡ್ಡಿದ್ದಿದ್ದರೆ ಮನೆ ಕೊಂಡೇನು' ಅಂತ ಯಾರೂ ಹೇಳುವುದಿಲ್ಲ. 'ಷರತ್ತಿನ ರೂಪ' ಅಂದರೆ ಇನ್ನೂ ಕೆಟ್ಟದ್ದು. ಷರತ್ತಿನ ಭಾಗದಲ್ಲೇ ಅದು ಬರಬಾರದಲ್ಲ! ಹೆಸರೇ ತಪ್ಪು ಮಾಡಿಸುತ್ತದೆ.

ಜೊತೆಗೆ ಇದಕ್ಕೆ ಬೇರೆ ಕೆಲಸಗಳೂ ಇವೆ. 'ಜ ವೂದ್ರೆ ಅಂ ಕಫೆ' ಅನ್ನುವುದು ನಮ್ಮ 'ಒಂದು ಕಾಫಿ ಬೇಕಿತ್ತು'. ಅಲ್ಲೂ ವಿನಯ, ಇಲ್ಲೂ ವಿನಯ. ಪತ್ರಿಕೆಯಲ್ಲಿ 'ಲ ಮಿನಿಸ್ತ್ರ್ ಸರೆ ಮಲಾದ್' ಅಂತ ಬಂದರೆ, ಮಂತ್ರಿಗೆ ಹುಷಾರಿಲ್ಲವಂತೆ. ಒಂದೇ ರೂಪಕ್ಕೆ ಕನ್ನಡದಲ್ಲಿ '-ತ್ತಿದ್ದೆ', '-ಇತ್ತು', '-ಅಂತೆ' ಮೂರೂ ಬೇಕು. ಫ್ರಾನ್ಸಿನಲ್ಲೂ ಇದನ್ನು ಬೇರೆ ಅರ್ಥರೂಪ (ಇಂಗ್ಲಿಷಿನ 'ಮೂಡ್') ಅನ್ನದೆ ಒಂದು ಕಾಲರೂಪ ಅಂತಲೇ ಎಣಿಸುವ ವ್ಯಾಕರಣಕಾರರು ಈಗ ಜಾಸ್ತಿ.

ಸದ್ಯಕ್ಕೆ 'ಫಲರೂಪ' ಅಂತ ಬರೆದಿದ್ದೇನೆ. ಆದರೆ ಕಾಫಿಗೂ ಮಂತ್ರಿಗೂ ಅದು ಹೊಂದುವುದಿಲ್ಲ. ಮೂರಕ್ಕೂ ಒಗ್ಗುವ ಕನ್ನಡದ ಹೆಸರು ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.